ನಿಧಾನವಾದ ಲ್ಯಾಪ್‌ಟಾಪ್: ಹೊಸದನ್ನು ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಮತ್ತು ಲೆಕ್ಕ

ದಿನದ ದುಡಿಮೆಯೆಲ್ಲ ಲ್ಯಾಪ್‌ಟಾಪ್‌ನ ಮೇಲೆಯೇ ನಡೆಯುವವರಿಗೆ ಅದು ನಿಧಾನವಾಗುವುದು ಬರೀ ಯಂತ್ರದ ತೊಂದರೆಯಾಗಿ ಉಳಿಯುವುದಿಲ್ಲ. ಒಂದು ಕಡತ ತೆರೆಯಲು ನಿಮಿಷಗಟ್ಟಲೆ ಕಾಯುವುದು, ಸಭೆಯ ನಡುವೆ ಧ್ವನಿ ಕಡಿದುಹೋಗುವುದು, ಬ್ಯಾಟರಿ ಶೇಕಡಾ 30 ಇದೆ ಎಂದು ತೋರಿಸುತ್ತಿರುವಾಗಲೇ ಪರದೆ ಆರಿಹೋಗುವುದು, ಇವೆಲ್ಲ ಸೇರಿ ಮನುಷ್ಯನ ತಾಳ್ಮೆಯನ್ನೂ ಕೆಲಸದ ಹೆಸರನ್ನೂ ಕೆಡಿಸುತ್ತವೆ. ಆ ಬೇಸರದ ಗಳಿಗೆಯಲ್ಲಿ ಹೊಸ ಲ್ಯಾಪ್‌ಟಾಪ್ ಒಂದನ್ನು ಕಂತಿನ ಮೇಲೆ ಕೊಂಡುಬಿಡೋಣ ಎಂಬ ಯೋಚನೆ ಬರುವುದು ಸಹಜವೇ. ಆದರೆ ಲ್ಯಾಪ್‌ಟಾಪ್ ಇಡಿಯಾಗಿ ಒಟ್ಟಿಗೆ ಹಳೆಯದಾಗುವುದು ಅಪರೂಪ. ಅದರ ಒಂದೆರಡು ಭಾಗಗಳು ಉಳಿದವುಗಳಿಗಿಂತ ಮೊದಲೇ ಸೋಲುತ್ತವೆ, ಮತ್ತು ಹೀಗೆ ಸೋತ ಭಾಗ ಯಾವುದೆಂದು ಪತ್ತೆಹಚ್ಚಲು ತಂತ್ರಜ್ಞರೇ ಆಗಬೇಕಿಲ್ಲ. ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ರಿಪೇರಿಗೆ ಕೊಡುವಾಗ ಏನನ್ನು ಬರೆಸಿಕೊಳ್ಳಬೇಕು, ಖರ್ಚು ಯಾರದು, ಹೊಸದೇ ಬೇಕಾದರೆ ಕಂತಿನ ಲೆಕ್ಕವನ್ನು ಹೇಗೆ ಓದಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲು ದತ್ತಾಂಶ, ಆಮೇಲೆ ಯಂತ್ರ

ಯಾವ ಪರೀಕ್ಷೆಗೂ ಮೊದಲು ಬ್ಯಾಕಪ್ ಆಗಬೇಕು. ನಿಧಾನಕ್ಕೆ ಕಾರಣ ಸಾಯುತ್ತಿರುವ ಡಿಸ್ಕ್ ಆಗಿದ್ದರೆ, ಅದನ್ನು ಪರೀಕ್ಷಿಸುವ ಕೆಲಸವೇ ಅದರ ಕೊನೆಯ ಕೆಲಸವಾಗಿಬಿಡಬಹುದು. ಬ್ಯಾಕಪ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 3-2-1 ಎಂಬ ನಿಯಮ ಸರಳವಾಗಿದೆ: ಮುಖ್ಯ ಕಡತಗಳ ಮೂರು ಪ್ರತಿಗಳಿರಬೇಕು, ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೊಂದು ಸ್ಥಳದಲ್ಲಿರಬೇಕು. ಲ್ಯಾಪ್‌ಟಾಪ್‌ನಲ್ಲಿರುವುದು ಒಂದು, ಹೊರಗಿನ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಎಂದಾದರೆ ನಿಯಮ ಪಾಲನೆಯಾದಂತೆಯೇ. ಕ್ಲೌಡ್‌ಗೆ ಸಿಂಕ್ ಆಗುತ್ತಿರುವುದನ್ನೇ ಬ್ಯಾಕಪ್ ಎಂದು ನಂಬಿ ಕೂರಬಾರದು, ಏಕೆಂದರೆ ಇಲ್ಲಿ ಅಳಿಸಿದ ಕಡತವನ್ನು ಸಿಂಕ್ ವ್ಯವಸ್ಥೆ ಅಲ್ಲಿಯೂ ಅಳಿಸುತ್ತದೆ. ಅಂಥ ಸೇವೆಗಳಲ್ಲಿ ಅಳಿಸಿದ್ದನ್ನು ಮರಳಿ ಪಡೆಯಲು ಸಾಮಾನ್ಯವಾಗಿ ಕೆಲವು ವಾರಗಳ ಅವಕಾಶ ಮಾತ್ರ ಇರುತ್ತದೆ. ನಕಲು ಮುಗಿದ ಮೇಲೆ ಹೊರಗಿನ ಡಿಸ್ಕ್‌ನಿಂದ ಒಂದೆರಡು ಕಡತಗಳನ್ನು ನಿಜವಾಗಿ ತೆರೆದು ನೋಡಬೇಕು.

ಇದರ ಜೊತೆಗೆ ಹಲವರ ಗಮನಕ್ಕೆ ಬಾರದ ಇನ್ನೆರಡು ಸಂಗತಿಗಳಿವೆ. ವಿಂಡೋಸ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಿಟ್‌ಲಾಕರ್ ಎಂಬ ವಿಂಡೋಸ್ ಸೌಲಭ್ಯದಿಂದ ಗೂಢಲಿಪೀಕರಣಗೊಂಡಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ, ಮಾಲೀಕರಿಗೆ ಅದು ತಿಳಿದೇ ಇರುವುದಿಲ್ಲ. ಮದರ್‌ಬೋರ್ಡ್ ಬದಲಾದರೆ ಅಥವಾ ಬಯೋಸ್ (ಯಂತ್ರ ಆರಂಭವಾಗುವಾಗ ಮೊದಲು ನಡೆಯುವ ಮೂಲ ತಂತ್ರಾಂಶ) ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಆ ಅಂಕಿಗಳಿಲ್ಲದೆ ಒಳಗಿನ ಕಡತಗಳನ್ನು ಯಾವ ತಂತ್ರಜ್ಞರೂ ತೆಗೆದುಕೊಡಲಾರರು. ಅದನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಕ್ಷೇಮ. ಎರಡನೆಯದು ಲಾಗಿನ್‌ಗೆ ಸಂಬಂಧಿಸಿದ್ದು. ಬ್ಯಾಂಕು, ಇಮೇಲ್ ಮತ್ತು ಕಚೇರಿಯ ಖಾತೆಗಳ ಪಾಸ್‌ವರ್ಡ್‌ಗಳು ಆ ಒಂದು ಯಂತ್ರದ ಬ್ರೌಸರ್‌ನಲ್ಲಿ ಮಾತ್ರ ಉಳಿದಿದ್ದರೆ, ಅದು ರಿಪೇರಿಗೆ ಹೋದ ದಿನವೇ ಕೆಲಸವೂ ಹಣದ ವ್ಯವಹಾರವೂ ಒಟ್ಟಿಗೆ ನಿಂತುಹೋಗುತ್ತವೆ. ಪ್ರತಿ ಮುಖ್ಯ ಖಾತೆಯ ಪಾಸ್‌ವರ್ಡನ್ನು ಬೇರೊಂದು ಸುರಕ್ಷಿತ ಜಾಗದಲ್ಲೂ ಇಟ್ಟುಕೊಂಡು, ಎರಡನೇ ಹಂತದ ದೃಢೀಕರಣಕ್ಕೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನೂ ತೆಗೆದಿಟ್ಟುಕೊಂಡರೆ ಈ ಸಂಕಟ ಬರುವುದಿಲ್ಲ.

ಯಾವ ಭಾಗ ಸೋತಿದೆ?

ಪರೀಕ್ಷೆಯನ್ನು ಒಂದು ಪ್ರಶ್ನೆಯಿಂದ ಆರಂಭಿಸಬೇಕು: ಯಂತ್ರ ಯಾವಾಗ ನಿಧಾನವಾಗುತ್ತದೆ? ಹಚ್ಚಿದ ಕ್ಷಣದಿಂದಲೇ ಎಲ್ಲವೂ ನಿಧಾನವಾಗಿದ್ದರೆ ಡಿಸ್ಕ್‌ನ ಮೇಲೆ ಅನುಮಾನ ಪಡಬೇಕು. ಹೆಚ್ಚು ಕಿಟಕಿಗಳನ್ನು ತೆರೆದಾಗ ಮಾತ್ರ ನಿಧಾನವಾದರೆ ತೆರೆದ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ, ಅಂದರೆ ರ‍್ಯಾಮ್ ಸಾಲುತ್ತಿಲ್ಲ. ಆರಂಭದಲ್ಲಿ ಚೆನ್ನಾಗಿದ್ದು ಹತ್ತು ಹದಿನೈದು ನಿಮಿಷಗಳ ನಂತರ ಕುಂಟತೊಡಗಿದರೆ ಬಿಸಿಯೇ ಕಾರಣವಿರಬಹುದು. ಬ್ರೌಸರ್ ಒಂದೇ ನಿಧಾನವಾಗಿದ್ದು, ಯಂತ್ರದಲ್ಲಿರುವ ಕಡತಗಳು ಚುರುಕಾಗಿ ತೆರೆದುಕೊಳ್ಳುತ್ತಿದ್ದರೆ ತೊಂದರೆ ವೈಫೈಯಲ್ಲಿರಬಹುದು. ಹಾಗಿದ್ದಾಗ ರೌಟರ್‌ಗೆ ಕೇಬಲ್ ಜೋಡಿಸಿ ನೋಡಿದರೆ, ಅಥವಾ 2.4 ಗಿಗಾಹರ್ಟ್ಸ್ ಜಾಲದಿಂದ 5 ಗಿಗಾಹರ್ಟ್ಸ್ ಜಾಲಕ್ಕೆ ಬದಲಾಯಿಸಿದರೆ ಉತ್ತರ ಸಿಗುತ್ತದೆ, ಹಣವೂ ಖರ್ಚಾಗುವುದಿಲ್ಲ.

ಅನುಮಾನವನ್ನು ಅಂಕಿಗಳಿಂದ ಖಚಿತಪಡಿಸಿಕೊಳ್ಳಲು ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು, ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್ ತೆರೆಯಬೇಕು. ಎಂದಿನಂತೆ ಕೆಲಸ ಮಾಡುತ್ತ, ಯಂತ್ರ ನಿಧಾನವಾದ ಗಳಿಗೆಯಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್ ಈ ಮೂರರಲ್ಲಿ ಯಾವುದು ಶೇಕಡಾ 100ರ ಹತ್ತಿರ ನಿಂತಿದೆ ಎಂಬುದನ್ನು ಗಮನಿಸಬೇಕು. ಈ ಒಂದು ವೀಕ್ಷಣೆಯನ್ನು ತಾಳ್ಮೆಯಿಂದ ಮಾಡಿದವರು ಅನಗತ್ಯವಾಗಿ ಹಣ ಕಳೆದುಕೊಳ್ಳುವ ಸಾಧ್ಯತೆ ಬಹಳ ಕಡಿಮೆ.

ಡಿಸ್ಕ್ ಒಂದೇ ಸಮನೆ ಶೇಕಡಾ 100ರಲ್ಲಿ ನಿಂತಿದ್ದು, ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ರೋಗನಿರ್ಣಯ ಬಹುಮಟ್ಟಿಗೆ ಮುಗಿದಂತೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಕೂಡ ಒಂದು ಸುತ್ತಿಗೆ 8 ಮಿಲಿಸೆಕೆಂಡ್‌ಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ಅದರ ಜೊತೆಗೆ ಓದುವ ತಲೆ ಸರಿದಾಡುವ ಸಮಯವೂ ಸೇರುತ್ತದೆ. ಹೀಗಾಗಿ ಅಲ್ಲಲ್ಲಿ ಚದುರಿರುವ ಸಣ್ಣ ಕಡತಗಳನ್ನು ಓದುವಾಗ ಅದು ಸೆಕೆಂಡಿಗೆ ನೂರರ ಆಸುಪಾಸಿನ ಬೇಡಿಕೆಗಳನ್ನಷ್ಟೇ ಪೂರೈಸಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಅವಧಿಯಲ್ಲಿ ಸಾವಿರಾರು ಬೇಡಿಕೆಗಳನ್ನು ಸಲೀಸಾಗಿ ಮುಗಿಸುತ್ತದೆ. ಇಂದಿನ ಕಾರ್ಯಾಚರಣಾ ವ್ಯವಸ್ಥೆಗಳು ಹಿನ್ನೆಲೆಯಲ್ಲಿ ನಿರಂತರವಾಗಿ ಸಣ್ಣ ಸಣ್ಣ ಕಡತಗಳನ್ನು ಓದಿ ಬರೆಯುವುದರಿಂದ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವಷ್ಟು ಫಲ ಕೊಡುವ ರಿಪೇರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವ ಮುನ್ನ ಲ್ಯಾಪ್‌ಟಾಪ್‌ನಲ್ಲಿ ಯಾವ ಬಗೆಯ ಜಾಗವಿದೆ ಎಂದು ನೋಡಿಕೊಳ್ಳಬೇಕು: ಎರಡೂವರೆ ಅಂಗುಲದ ಸಾಟಾ ಡಿಸ್ಕ್ ಒಂದು ಬಗೆ, ಉದ್ದನೆಯ ಪಟ್ಟಿಯಂತಿರುವ ಎಂ.2 ಇನ್ನೊಂದು ಬಗೆ. ಎಂ.2 ಪಟ್ಟಿಗಳಲ್ಲಿಯೂ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ವಿಧಗಳಿದ್ದು, ಒಂದಕ್ಕೆ ಮಾಡಿದ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೇ ಇರಬಹುದು. ಮಾದರಿಯ ಹೆಸರಿನಲ್ಲಿ ತಯಾರಕರ ಕೈಪಿಡಿಯನ್ನು ತೆರೆದು ಇದನ್ನು ದೃಢಪಡಿಸಿಕೊಳ್ಳಬೇಕು.

ಈಗಾಗಲೇ ಎಸ್‌ಎಸ್‌ಡಿ ಇದ್ದರೂ ನಿಧಾನವಾಗಿದ್ದರೆ ಅದು ತುಂಬಿಹೋಗಿರಬಹುದು. ಶೇಕಡಾ 10ರಿಂದ 15ರಷ್ಟು ಜಾಗವನ್ನಾದರೂ ಖಾಲಿ ಬಿಡಬೇಕು. ಡಿಸ್ಕ್ ಯಾವ ಬಗೆಯದಾದರೂ ಅದರೊಳಗೆ ಸ್ಮಾರ್ಟ್ ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಇರುತ್ತದೆ. ಉಚಿತ ತಂತ್ರಾಂಶಗಳಿಂದ ಅದರ ವರದಿಯನ್ನು ಓದಬಹುದು. ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನಲ್ಲಿ ಬಳಕೆಗೆ ಬಾರದ ತುಣುಕುಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಇನ್ನು ನಂಬಿಕೆಗೆ ಯೋಗ್ಯವಲ್ಲ. ವರದಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಡಿಸ್ಕ್ ಕೆಡುವುದೇ ಇಲ್ಲ ಎಂಬ ಭರವಸೆಯೂ ಇಲ್ಲ, ಎಚ್ಚರಿಕೆಯಿಲ್ಲದೆ ಕೆಡುವ ಡಿಸ್ಕ್‌ಗಳೂ ಇವೆ.

ಮೆಮೊರಿ ತುಂಬಿದಾಗ ಯಂತ್ರವು ಹೆಚ್ಚುವರಿ ಭಾರವನ್ನು ಡಿಸ್ಕ್‌ಗೆ ವರ್ಗಾಯಿಸುತ್ತದೆ, ಡಿಸ್ಕ್ ರ‍್ಯಾಮ್‌ಗಿಂತ ಬಹಳ ನಿಧಾನವಾದ್ದರಿಂದ ಕಿಟಕಿ ಬದಲಿಸಿದಾಗಲೆಲ್ಲ ತಡೆಯುಂಟಾಗುತ್ತದೆ. ರ‍್ಯಾಮ್ ಹೆಚ್ಚಿಸುವ ಮುನ್ನ ಯಂತ್ರದೊಂದಿಗೆ ತಾನಾಗಿ ಆರಂಭವಾಗುವ ತಂತ್ರಾಂಶಗಳ ಪಟ್ಟಿಯನ್ನು ಕತ್ತರಿಸಿ, ಬ್ರೌಸರ್‌ನಲ್ಲಿ ಬಳಸದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಿ, ಒಂದು ವಾರ ನೋಡುವುದು ಒಳ್ಳೆಯದು. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಅಂಥವುಗಳಲ್ಲಿ ಅದನ್ನು ಹೆಚ್ಚಿಸಲು ಬರುವುದಿಲ್ಲ. ಈ ಸಂಗತಿಯನ್ನು ಕೊಳ್ಳುವ ದಿನವೇ ಕೇಳಿ ತಿಳಿದುಕೊಳ್ಳಬೇಕಿತ್ತಾದರೂ, ಅಂಗಡಿಗಳಲ್ಲಿ ಅದನ್ನು ತಾವಾಗಿ ಹೇಳುವವರು ಕಡಿಮೆ.

ಬಿಸಿಯ ವಿಷಯ ಇನ್ನಷ್ಟು ಗಮನಕ್ಕೆ ಅರ್ಹವಾದುದು. ಪ್ರೊಸೆಸರ್‌ನ ಉಷ್ಣಾಂಶ 100 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಬಂದಾಗ ಅದು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫ್ಯಾನಿನ ಸದ್ದು ಏರುತ್ತಿದ್ದಂತೆ ಕೆಲಸ ಕುಂಟುವುದಕ್ಕೆ ಕಾರಣ ಇದೇ. ಫ್ಯಾನಿನ ಮುಂದಿರುವ ತೆಳುವಾದ ಲೋಹದ ರೆಕ್ಕೆಗಳ ನಡುವೆ ಧೂಳು ಹೆಣೆದುಕೊಂಡು ಗಾಳಿಯ ದಾರಿ ಮುಚ್ಚಿಹೋಗಿರುತ್ತದೆ, ಪ್ರೊಸೆಸರ್ ಮತ್ತು ಲೋಹದ ನಡುವಿನ ಥರ್ಮಲ್ ಪೇಸ್ಟ್ ವರ್ಷಗಳಲ್ಲಿ ಒಣಗಿರುತ್ತದೆ. ಇವೆರಡನ್ನೂ ಸರಿಪಡಿಸುವುದು ಒಂದು ಗಂಟೆಯ ಕೆಲಸ, ಭಾಗಗಳ ಖರ್ಚೂ ಅಲ್ಪ. ಹಾಸಿಗೆ ಅಥವಾ ದಿಂಬಿನ ಮೇಲಿಟ್ಟು ಕೆಲಸ ಮಾಡುವ ಅಭ್ಯಾಸವಿದ್ದರೆ, ಒಂದು ದಿನ ಗಟ್ಟಿಯಾದ ಮೇಜಿನ ಮೇಲಿಟ್ಟು, ಹಿಂಭಾಗವನ್ನು ಬೆರಳೆರಡರಷ್ಟು ಎತ್ತರಿಸಿ ಅದೇ ಕೆಲಸ ಮಾಡಿ ನೋಡಿ. ವ್ಯತ್ಯಾಸ ಕಂಡರೆ ಕಾರಣ ಗೊತ್ತಾದಂತೆಯೇ.

ಬ್ಯಾಟರಿಯ ಸ್ಥಿತಿಯನ್ನು ಊಹಿಸುವ ಅಗತ್ಯವಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಿಂದ ಬ್ಯಾಟರಿ ರಿಪೋರ್ಟ್ ತೆಗೆದರೆ ತಯಾರಾದಾಗ ಇದ್ದ ಸಾಮರ್ಥ್ಯ ಮತ್ತು ಈಗ ಪೂರ್ತಿ ತುಂಬಿದಾಗ ನಿಲ್ಲುವ ಸಾಮರ್ಥ್ಯ ಎರಡೂ ಅಕ್ಕಪಕ್ಕದಲ್ಲಿ ಸಿಗುತ್ತವೆ, ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್‌ನ ಪವರ್ ವಿಭಾಗದಲ್ಲಿ ಸೈಕಲ್ ಎಣಿಕೆ ಕಾಣುತ್ತದೆ. ಶೇಕಡಾ 50ರಷ್ಟು ಖಾಲಿ ಮಾಡಿ ಎರಡು ಬಾರಿ ತುಂಬಿದರೆ ಅದು ಒಂದು ಸೈಕಲ್. 300ರಿಂದ 500 ಸೈಕಲ್‌ಗಳ ನಂತರ ಮೂಲ ಸಾಮರ್ಥ್ಯದ ಶೇಕಡಾ 80ಕ್ಕೆ ಇಳಿಯುವುದು ಲಿಥಿಯಂ-ಅಯಾನ್ ಬ್ಯಾಟರಿಗೆ ಸಹಜವಾದ ಮುಪ್ಪು, ಕೆಲವು ಲ್ಯಾಪ್‌ಟಾಪ್‌ಗಳ ಬ್ಯಾಟರಿಗಳನ್ನು 1000 ಸೈಕಲ್‌ಗಳಿಗೆ ರೂಪಿಸಿರುತ್ತಾರೆ. ಮುಪ್ಪಾದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾರದು, ಆದ್ದರಿಂದಲೇ ಅಂಕಿ ಉಳಿದಿರುವಾಗಲೂ ಯಂತ್ರ ಆರುತ್ತದೆ. 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಸಂಸ್ಥೆಯು, ಹಳೆಯ ಬ್ಯಾಟರಿಯಿರುವ ಕೆಲವು ಐಫೋನ್‌ಗಳು ಹೀಗೆ ಆರದಂತೆ ತಡೆಯಲು ಅವುಗಳ ವೇಗವನ್ನು ತಂತ್ರಾಂಶದ ಮೂಲಕ ಇಳಿಸಿದ್ದನ್ನು ಒಪ್ಪಿಕೊಂಡಿತ್ತು. ಬ್ಯಾಟರಿ ಬದಲಿಸಿದರೆ ಸಾಧನದ ವೇಗವೇ ಮರಳುವುದೂ ಉಂಟು ಎಂಬುದು ಆಗ ಬಹಳ ಜನರಿಗೆ ತಿಳಿಯಿತು.

ಲ್ಯಾಪ್‌ಟಾಪ್ ಸದಾ ಚಾರ್ಜರ್‌ಗೆ ಜೋಡಿಸಿರುವುದೇ ಆದರೆ ಚಾರ್ಜ್ ಮಿತಿಯನ್ನು ಶೇಕಡಾ 80ಕ್ಕೆ ಇಳಿಸುವ ಸೌಲಭ್ಯ ಇದೆಯೇ ನೋಡಿ ಬಳಸಬೇಕು, ಏಕೆಂದರೆ ಪೂರ್ತಿ ತುಂಬಿದ ಸ್ಥಿತಿ ಮತ್ತು ಬಿಸಿ ಎರಡೂ ಸೇರಿ ಬ್ಯಾಟರಿಯನ್ನು ಬೇಗ ಸವೆಸುತ್ತವೆ. ಕೆಳಗಿನ ಮುಚ್ಚಳ ಉಬ್ಬಿದ್ದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಯಾವ ಪರೀಕ್ಷೆಯನ್ನೂ ಮುಂದುವರಿಸಬೇಡಿ. ಅದು ಊದಿದ ಬ್ಯಾಟರಿ, ಬೆಂಕಿಯ ಅಪಾಯವಿದೆ. ಚಾರ್ಜರ್ ಕಿತ್ತು, ಯಂತ್ರವನ್ನು ಆರಿಸಿ, ಒತ್ತದೆ ಚುಚ್ಚದೆ ನೇರವಾಗಿ ಬಲ್ಲವರ ಬಳಿಗೆ ಒಯ್ಯಬೇಕು.

ಚಾರ್ಜರ್ ಮತ್ತು ಕೇಬಲ್‌ಗಳನ್ನೂ ಮರೆಯಬಾರದು. ಯುಎಸ್‌ಬಿ-ಸಿ ಕೇಬಲ್‌ಗಳು ನೋಡಲು ಒಂದೇ ಬಗೆಯಾಗಿದ್ದರೂ ಅವು ಹೊರುವ ಶಕ್ತಿ ಬೇರೆ ಬೇರೆ. ಸಾಮಾನ್ಯ ಕೇಬಲ್ 60 ವಾಟ್‌ವರೆಗೆ ಮಾತ್ರ ಒಯ್ಯುತ್ತದೆ, ಅದಕ್ಕಿಂತ ಹೆಚ್ಚಿಗೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಫೋನಿನ ಕೇಬಲ್ ಅಥವಾ ಕಡಿಮೆ ವಾಟ್‌ನ ಚಾರ್ಜರ್ ಜೋಡಿಸಿದಾಗ ಲ್ಯಾಪ್‌ಟಾಪ್ ಚಾರ್ಜ್ ಆಗದಿರುವುದಷ್ಟೇ ಅಲ್ಲ, ಕೆಲವು ಮಾದರಿಗಳು ಪ್ರೊಸೆಸರ್‌ನ ವೇಗವನ್ನೂ ತಗ್ಗಿಸುತ್ತವೆ.

ಇನ್ನು ತಂತ್ರಾಂಶದ ಆಯಸ್ಸು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಪಟ್ಟಿಯಲ್ಲಿರುವ ಪ್ರೊಸೆಸರ್ ಕೂಡ ಬೇಕು. ಅನೇಕ ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ, ಆದ್ದರಿಂದ ‘ಈ ಯಂತ್ರಕ್ಕೆ ಆಗುವುದಿಲ್ಲ’ ಎಂಬ ಸಂದೇಶ ಕಂಡಾಗ ಅದನ್ನೊಮ್ಮೆ ನೋಡಬೇಕು. ನಿಜವಾಗಿಯೂ ಆಗದಿದ್ದರೆ, ಬ್ರೌಸರ್ ಮತ್ತು ದಾಖಲೆಗಳ ಕೆಲಸವಷ್ಟೇ ಇರುವವರಿಗೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ಆವೃತ್ತಿಗಳು ಸಾಲುತ್ತವೆ. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವನ್ನು ಉದ್ಯೋಗವೇ ಬೇಡುತ್ತಿದ್ದರೆ ಆ ದಾರಿ ಸರಿಹೋಗದು.

ರಿಪೇರಿಗೆ ಕೊಡುವಾಗ

ಸೋತ ಭಾಗ ಯಾವುದೆಂದು ತಿಳಿದಿದ್ದರೆ ರಿಪೇರಿಯ ಮಾತುಕತೆಯೇ ಬದಲಾಗುತ್ತದೆ. ‘ನಿಧಾನವಾಗಿದೆ, ನೋಡಿಕೊಡಿ’ ಎಂದು ಕೊಟ್ಟ ಯಂತ್ರಕ್ಕೆ ಏನು ಬೇಕಾದರೂ ಬದಲಿಸಬಹುದು. ‘ಬ್ಯಾಟರಿಯ ಸಾಮರ್ಥ್ಯ ಶೇಕಡಾ 55ಕ್ಕೆ ಇಳಿದಿದೆ, ಅದನ್ನು ಬದಲಿಸಿ, ಫ್ಯಾನ್ ಶುಚಿ ಮಾಡಿ’ ಎಂದು ಕೊಟ್ಟರೆ ಆ ಎರಡು ಕೆಲಸಗಳೇ ನಡೆಯುತ್ತವೆ. ವಾರಂಟಿ ಇನ್ನೂ ಇದ್ದರೆ ಹೊರಗಿನವರಿಂದ ಬಿಚ್ಚಿಸುವ ಮೊದಲು ತಯಾರಕರ ಸರ್ವಿಸ್ ಸೆಂಟರ್‌ಗೇ ಹೋಗಬೇಕು. ಜಾಬ್ ಶೀಟ್‌ನಲ್ಲಿ ಸೀರಿಯಲ್ ಸಂಖ್ಯೆ, ದೂರಿನ ವಿವರ, ಜೊತೆಗೆ ಕೊಟ್ಟ ಚಾರ್ಜರ್ ಇತ್ಯಾದಿ, ಅಂದಾಜು ಖರ್ಚು ಮತ್ತು ಹಿಂತಿರುಗಿಸುವ ದಿನಾಂಕ ಬರೆದಿರಬೇಕು. ಯಂತ್ರದ ನಾಲ್ಕೂ ಬದಿಗಳ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಗೀರು ಅಥವಾ ಬಿರುಕಿನ ಬಗ್ಗೆ ವಾದ ಹುಟ್ಟುವುದಿಲ್ಲ. ಅಂದಾಜು ಮೀರಿದರೆ ಕೇಳದೆ ಮುಂದುವರಿಯಬಾರದು ಎಂಬುದನ್ನೂ, ಬದಲಿಸಿದ ಹಳೆಯ ಭಾಗವನ್ನು ಹಿಂದಿರುಗಿಸಬೇಕು ಎಂಬುದನ್ನೂ ಅದರಲ್ಲೇ ಬರೆಸಬೇಕು. ವಾರಂಟಿಯಡಿ ಬದಲಿಸಿದ ಭಾಗವನ್ನು ಕಂಪನಿಗಳು ಸಾಮಾನ್ಯವಾಗಿ ತಾವೇ ಇಟ್ಟುಕೊಳ್ಳುತ್ತವೆ, ಹಣ ಕೊಟ್ಟು ಬದಲಿಸಿದ್ದಕ್ಕೆ ಆ ಮಾತು ಅನ್ವಯಿಸಬೇಕಿಲ್ಲ.

ಸ್ವಂತ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಪರೀಕ್ಷೆಗೆಂದು ಬೇರೊಂದು ಬಳಕೆದಾರ ಖಾತೆಯನ್ನು ಮಾಡಿ ಅದರ ಪಾಸ್‌ವರ್ಡ್ ಕೊಟ್ಟರೆ ಸಾಕು. ಬ್ಯಾಟರಿ, ಫ್ಯಾನ್, ಕೀಬೋರ್ಡ್ ಬದಲಿಸಲು ಡಿಸ್ಕ್‌ನ ಒಳಗೆ ಹೋಗುವ ಅಗತ್ಯವೇ ಇಲ್ಲ.

ಖರ್ಚು ಯಾರದು?

ಕೆಲಸಕ್ಕೆಂದು ಸಂಸ್ಥೆಯೇ ಕೊಟ್ಟ ಯಂತ್ರವನ್ನು ಸ್ವಂತ ಹಣದಿಂದ ಸರಿಪಡಿಸಿಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಕೇಳಿದರೆ ಮೇಲಿನವರು ಏನೆಂದುಕೊಳ್ಳುವರೋ ಎಂಬ ಸಂಕೋಚ ಅದಕ್ಕೆ ಕಾರಣ. ದೂರಿನ ಬದಲು ದಾಖಲೆ ಮಾತನಾಡಿದರೆ ಸಂಕೋಚಕ್ಕೆ ಎಡೆಯಿರುವುದಿಲ್ಲ. ಒಂದು ವಾರ ಯಂತ್ರಕ್ಕಾಗಿ ಕಾದ ಸಮಯವನ್ನು ಗುರುತಿಟ್ಟುಕೊಂಡು, ಟಾಸ್ಕ್ ಮ್ಯಾನೇಜರ್‌ನ ಚಿತ್ರವನ್ನೂ ಬ್ಯಾಟರಿ ವರದಿಯನ್ನೂ ಜೋಡಿಸಿ, ಐಟಿ ವಿಭಾಗಕ್ಕೆ ಇಮೇಲ್ ಬರೆದು ಮೇಲಧಿಕಾರಿಗೆ ಪ್ರತಿ ಕಳುಹಿಸಬೇಕು. ದಿನಕ್ಕೆ ಇಪ್ಪತ್ತು ನಿಮಿಷ ವ್ಯರ್ಥವಾದರೆ, ತಿಂಗಳಿಗೆ 22 ಕೆಲಸದ ದಿನಗಳ ಲೆಕ್ಕದಲ್ಲಿ ಅದು ಏಳು ಗಂಟೆಗಿಂತ ಹೆಚ್ಚು, ಅಂದರೆ ಸುಮಾರು ಒಂದು ಪೂರ್ಣ ಕೆಲಸದ ದಿನ. ಇಂಥ ಲೆಕ್ಕವನ್ನು ಯಾವ ಸಂಸ್ಥೆಯೂ ಸುಲಭವಾಗಿ ತಳ್ಳಿಹಾಕಲಾರದು. ಸಂಸ್ಥೆಯ ಯಂತ್ರವನ್ನು ಸ್ವತಃ ಬಿಚ್ಚುವುದಾಗಲಿ, ಅನುಮತಿಯಿಲ್ಲದೆ ಅದರ ಕಡತಗಳನ್ನು ಖಾಸಗಿ ಕ್ಲೌಡ್‌ಗೆ ಹಾಕುವುದಾಗಲಿ ಮಾಡಬಾರದು. ಬ್ಯಾಕಪ್ ಕೂಡ ಸಂಸ್ಥೆ ಒಪ್ಪಿದ ಜಾಗದಲ್ಲೇ ಇರಬೇಕು.

ರಿಪೇರಿಯೋ, ಹೊಸದೋ?

ಯಂತ್ರ ನಿಮ್ಮದೇ ಆಗಿದ್ದರೆ ಒಂದು ಭಾಗಾಕಾರ ಸಾಕು. ರಿಪೇರಿಯ ಖರ್ಚನ್ನು, ರಿಪೇರಿಯ ನಂತರ ಅದು ಇನ್ನೆಷ್ಟು ವರ್ಷ ಬರಬಹುದೋ ಅದರಿಂದ ಭಾಗಿಸಿ, ಹೊಸದರ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ, ಎರಡನ್ನೂ ಹೋಲಿಸಿ. ಹೊಸದರ ಬೆಲೆ 100 ಎಂದುಕೊಂಡು ಅದು ಐದು ವರ್ಷ ಬಾಳುವುದಾದರೆ ವರ್ಷಕ್ಕೆ 20 ಆಯಿತು. 20ರ ರಿಪೇರಿಯಿಂದ ಹಳೆಯದು ಎರಡು ವರ್ಷ ಬಂದರೆ ವರ್ಷಕ್ಕೆ 10 ಮಾತ್ರ. ಮದರ್‌ಬೋರ್ಡ್ ಸುಟ್ಟು 60 ಖರ್ಚಾಗಿ, ಅಷ್ಟೇ ಎರಡು ವರ್ಷ ಬರುವುದಾದರೆ ವರ್ಷಕ್ಕೆ 30, ಅಲ್ಲಿ ಹೊಸದೇ ಲೇಸು.

ಹೊಸದನ್ನು ಕೊಳ್ಳುವುದೇ ಆದರೆ ‘ಬಡ್ಡಿಯಿಲ್ಲದ ಕಂತು’ ಎಂಬ ಮಾತನ್ನು ಎಚ್ಚರದಿಂದ ಓದಬೇಕು. ನಗದಿಗೆ 95ಕ್ಕೆ ಸಿಗುವ ವಸ್ತುವನ್ನು ಕಂತಿನಲ್ಲಿ 100ಕ್ಕೆ ಕೊಡುತ್ತಿದ್ದರೆ ಆ ಐದೇ ಬಡ್ಡಿ. ಹನ್ನೆರಡು ಸಮಾನ ಮಾಸಿಕ ಕಂತುಗಳಾದರೆ ಅದು ವಾರ್ಷಿಕ ಸುಮಾರು ಶೇಕಡಾ ಒಂಬತ್ತೂವರೆಯಾಗುತ್ತದೆ, ಐದು ಅಲ್ಲ, ಏಕೆಂದರೆ ಪ್ರತಿ ತಿಂಗಳು ಅಸಲು ಕರಗುತ್ತಿದ್ದು ಪೂರ್ತಿ ಹಣ ವರ್ಷವಿಡೀ ನಿಮ್ಮ ಬಳಿ ಇರುವುದಿಲ್ಲ. ಇದೇ ಕಾರಣಕ್ಕೆ ‘ಫ್ಲಾಟ್ ದರ ಶೇಕಡಾ 10’ (ಅಸಲು ಕರಗಿದರೂ ಮೂಲ ಸಾಲದ ಪೂರ್ತಿ ಮೊತ್ತದ ಮೇಲೆ ಬಡ್ಡಿ) ಎಂದು ಹೇಳಿ ಒಂದು ವರ್ಷದ ಮಾಸಿಕ ಕಂತು ಕಟ್ಟಿಸಿಕೊಳ್ಳುವ ಸಾಲದ ನಿಜವಾದ ವಾರ್ಷಿಕ ದರ ಸುಮಾರು ಶೇಕಡಾ 18. ಇದರ ಮೇಲೆ ಸಂಸ್ಕರಣಾ ಶುಲ್ಕ, ಕಂತು ತಪ್ಪಿದರೆ ದಂಡ, ಅವಧಿಗೆ ಮುನ್ನ ತೀರಿಸಿದರೆ ಶುಲ್ಕ ಇವೆಯೇ ಎಂದು ಕೇಳಬೇಕು. ಕಂತಿನ ಮೊತ್ತ ಸಣ್ಣದು ಎಂಬುದು ಒಪ್ಪಿಗೆಗೆ ಕಾರಣವಾಗಬಾರದು. ಕಟ್ಟುವ ಒಟ್ಟು ಹಣ ಎಷ್ಟು, ಇಂದೇ ನಗದು ಕೊಟ್ಟರೆ ಎಷ್ಟು ಎಂಬ ಎರಡೇ ಅಂಕಿಗಳನ್ನು ಬರೆಸಿಕೊಂಡು ಹೋಲಿಸಬೇಕು.

ವಿಸ್ತರಿತ ವಾರಂಟಿಯ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ಬಿದ್ದು ಒಡೆಯುವುದು, ದ್ರವ ಚೆಲ್ಲುವುದು ಮತ್ತು ಬ್ಯಾಟರಿ, ಈ ಮೂರೂ ಅದರಲ್ಲಿ ಸೇರಿವೆಯೇ ನೋಡಿ. ಸೇರಿಲ್ಲದಿದ್ದರೆ ಆ ಹಣವನ್ನು ರಿಪೇರಿಗೆಂದು ತೆಗೆದಿಡುವುದು ಮೇಲು. ಯಂತ್ರ ಕೊಂಡ ತಿಂಗಳಿನಿಂದಲೇ ಅದರ ಬೆಲೆಯ ಅರವತ್ತರಲ್ಲಿ ಒಂದು ಭಾಗವನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕುತ್ತ ಬಂದರೆ, ಐದು ವರ್ಷಗಳ ನಂತರ ಅಂಥದ್ದೇ ಇನ್ನೊಂದಕ್ಕೆ ಇಂದಿನ ಬೆಲೆಯಷ್ಟು ಹಣ ಸಿದ್ಧವಿರುತ್ತದೆ.

ಹಳೆಯದನ್ನು ಮಾರುವ ಅಥವಾ ಯಾರಿಗಾದರೂ ಕೊಡುವ ಮೊದಲು ಎಲ್ಲ ಖಾತೆಗಳಿಂದ ಸೈನ್ ಔಟ್ ಆಗಿ, ‘ನನ್ನ ಸಾಧನವನ್ನು ಹುಡುಕು’ ಎಂಬ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬೇಕು. ಇಲ್ಲವಾದರೆ ಕೊಂಡವರಿಗೆ ಯಂತ್ರ ತೆರೆದುಕೊಳ್ಳದೇ ಹೋಗಬಹುದು. ಕಡತಗಳನ್ನು ಕಸದ ಬುಟ್ಟಿಗೆ ಹಾಕಿ ಖಾಲಿ ಮಾಡಿದರೆ ಅವು ನಿಜವಾಗಿ ಅಳಿಯುವುದಿಲ್ಲ. ವಿಂಡೋಸ್‌ನ ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆದು ಡ್ರೈವ್ ಶುಚಿಗೊಳಿಸುವ ಆಯ್ಕೆಯನ್ನು ಆರಿಸಬೇಕು, ಎಸ್‌ಎಸ್‌ಡಿ ಆಗಿದ್ದರೆ ಅದಕ್ಕೂ ಮೊದಲು ಇಡೀ ಡಿಸ್ಕ್ ಅನ್ನು ಗೂಢಲಿಪೀಕರಣಗೊಳಿಸುವುದು ಹೆಚ್ಚು ಸುರಕ್ಷಿತ. ಯಂತ್ರ ಹಚ್ಚಲೂ ಬಾರದಷ್ಟು ಕೆಟ್ಟಿದ್ದರೆ ಡಿಸ್ಕ್ ಅನ್ನು ಬಿಚ್ಚಿ ತೆಗೆದಿಟ್ಟುಕೊಂಡು, ಉಳಿದದ್ದನ್ನು ಬ್ಯಾಟರಿಯ ಸಮೇತ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಮನೆಯ ಕಸದೊಂದಿಗೆ ಹಾಕಿದ ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿದಾಗ ಹೊತ್ತಿಕೊಳ್ಳಬಲ್ಲದು.